ನಾವು ಕೊಟ್ಟ ಬಿಂದಿಗೆಗಳು

ಪರೋಪಕಾರ ಮಾಡಿದವನ ಮುಖಕ್ಕೆ ಒಂದು ಹೊಳಪು ಬರುತ್ತದೆ. ಎಂಬತ್ತರ ದಶಕದಲ್ಲಿ ಆ ಹೊಳಪು ನನಗೂ ಇತ್ತು. ಸಂಜಯನಗರದ ನಮ್ಮ ಸೇವಾಕೂಟದಲ್ಲಿ ಎಲ್ಲರೂ ಎಲ್ಲರಿಗೂ ‘ಬ್ರದರ್’. ತಿಂಗಳಿಗೊಂದು ಭಾನುವಾರ ಸೇರಿ, ಪ್ರಾರ್ಥನೆ ಹಾಡಿ, ಕೇಸರಿಬಾತು ತಿಂದು, ಬಡವರಿಗೆ ಏನು ಕೊಡೋಣವೆಂದು ಚರ್ಚಿಸುತ್ತಿದ್ದೆವು. ಕೇಸರಿಬಾತಿನ ಮೊದಲು ಬಡವರ ಮಾತು ಬಂದದ್ದು ನನಗೆ ನೆನಪಿಲ್ಲ.

ಒಮ್ಮೆ ಹೆಬ್ಬಾಳದ ಆಚೆಯ ಹಳ್ಳಿಯೊಂದರ ಹೆಂಗಸರಿಗೆ ಅಲ್ಯುಮಿನಿಯಂ ಬಿಂದಿಗೆ ಹಂಚಿದೆವು. ಪ್ರತಿ ಬಿಂದಿಗೆಯ ಹೊಟ್ಟೆಯ ಮೇಲೂ ಕೆಂಪಕ್ಷರದಲ್ಲಿ ಕೂಟದ ಹೆಸರು. ಮುನಿಯಮ್ಮ ಎಂಬಾಕೆ ಬಿಂದಿಗೆ ತೆಗೆದುಕೊಂಡು ಕೈ ಮುಗಿದಳು. ನಾನು ವೇದಿಕೆಯಿಂದಲೇ ಕೈ ಎತ್ತಿ ಹರಸಿದೆ. ಆ ಊರಿಗೆ ನಲ್ಲಿಯೇ ಬಂದಿಲ್ಲ ಎಂಬ ಮಾತು ಯಾರ ಭಾಷಣದಲ್ಲೂ ಬರಲಿಲ್ಲ.

ಧಾರವಾಡದ ಕಡೆಯ ನನ್ನ ಹೆಂಡತಿ ಮಾತ್ರ ಮನೆಗೆ ಬಂದ ಮೇಲೆ ಕೇಳಿದಳು: “ಕೊಡ ಕೊಟ್ರಿ, ಛಲೋ ಆತು. ನೀರು ಯಾರು ಕೊಡ್ತಾರ್ರೀ?” ನಾನು ನೀರಿನ ಕಚೇರಿಯಲ್ಲೇ ಗುಮಾಸ್ತನೆಂಬುದು ಅವಳಿಗೆ ನೆನಪಿತ್ತು. ನನಗಿರಲಿಲ್ಲ.

ತಿಂಗಳು ಕಳೆದಿರಬೇಕು. ಕಚೇರಿಯ ಮುಂದೆ ಢಣಢಣ ಸದ್ದು. ಕಿಟಕಿಯಲ್ಲಿ ಇಣುಕಿದರೆ, ಅಯ್ಯಯ್ಯಪ್ಪಾ! ರಸ್ತೆಯ ತುಂಬ ಹೆಂಗಸರು ಖಾಲಿ ಬಿಂದಿಗೆ ಬಡಿಯುತ್ತಿದ್ದಾರೆ; ಬಿಂದಿಗೆಗಳ ಮೇಲೆಲ್ಲ ನಮ್ಮ ಕೂಟದ ಹೆಸರು! ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು. ಕೆಳಗಿಳಿದು ಹೋದೆ.

“ಏನಮ್ಮಾ ಮುನಿಯಮ್ಮ, ಪ್ರೀತಿಯಿಂದ ಕೊಟ್ಟಿದ್ದನ್ನ ಹೀಗಾ ಬಡಿಯೋದು?”

“ಪ್ರೀತಿ ಐತೆ ಸಾಮಿ, ನೀರಿಲ್ಲ. ನಲ್ಲಿಗೆ ಅರ್ಜಿ ಕೊಟ್ಟು ವರ್ಸ ಆಯ್ತು. ಅದು ಸಿಗೋವರ್ಗೂ ಇಂಗೇ ಬಡೀತೀವಿ.”

ಅರ್ಜಿ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ನನ್ನ ಮೇಜಿನ ಮೇಲೇ ಇತ್ತು. ಅದರ ಮೇಲೆ ಬಿಂದಿಗೆ ಸಮಾರಂಭದ ಆಹ್ವಾನ ಪತ್ರಿಕೆಗಳ ಕಟ್ಟು. ಕಟ್ಟನ್ನು ಸರಿಸಿದರೆ ಅರ್ಜಿಯ ತುಂಬ ಲೋಟದ ದುಂಡು ಕಲೆಗಳು. ಒಂದು ವರ್ಷ ಅವರ ನೀರಿನ ಮೇಲೆ ನಾನು ಟೀ ಲೋಟ ಇಟ್ಟುಕೊಂಡು ಕೂತಿದ್ದೆ! ಏನು ಕೊಡೋಣ ಎಂದು ನಾವು ಬ್ರದರುಗಳು ತಲೆ ಕೆಡಿಸಿಕೊಂಡಿದ್ದಾಗ, ಯಾಕೆ ಸಿಕ್ಕಿಲ್ಲ ಎಂದು ಅವರು ಕೇಳುತ್ತಿದ್ದರು. ನಮ್ಮ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುತ್ತಿತ್ತು. ಅವರ ಪ್ರಶ್ನೆಗೆ ಉತ್ತರ ನಾನೇ ಆಗಿದ್ದೆ.

ಫೈಲು ಅಂದೇ ಮೇಲಕ್ಕೆ ಹೋಯಿತು. ಹೆಂಗಸರು ಇನ್ನೆರಡು ಸಲ ಬಂದು ಬಡಿದ ಮೇಲೆ ಊರಿಗೆ ನಲ್ಲಿಯೂ ಬಂತು. ಒಂದು ಬೆಳಿಗ್ಗೆ ನೋಡಲು ಹೋದೆ. ಮುನಿಯಮ್ಮ ನಮ್ಮದೇ ಬಿಂದಿಗೆಯಲ್ಲಿ ನೀರು ಹಿಡಿಯುತ್ತಿದ್ದಳು. ಇನ್ನೇನು ಕೈ ಮುಗಿಯುತ್ತಾಳೆಂದು ನನ್ನ ಕೈ ತಾನಾಗಿ ಮೇಲೆದ್ದಿತು.

“ವಸಿ ಅತ್ಲಾಗೆ ನಿಂತ್ಕಳಿ ಸಾಮಿ, ಹಿಂದೆ ಜನ ಅವ್ರೆ,” ಎಂದಳು.

ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡು ಪಕ್ಕಕ್ಕೆ ಸರಿದೆ.