ಗುಂಡುತೋಪಿಗೆ ಆಧಾರ ಕೇಳಿದರು

ಬಂಧುಮಿತ್ರರೇ, ಇವತ್ತು ಬೆಳಿಗ್ಗೆ ನನ್ನ ಆಧಾರ್ ಕಾರ್ಡು ಇಡೀ ಲೋಕದ ಕಣ್ಣಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶವೊಂದಿದೆ. ಅದರಲ್ಲಿ ನಮ್ಮ ಕೊಡಿಗೇಹಳ್ಳಿಯ ಪುಟಕ್ಕೆ ಮೊನ್ನೆ ಒಂದು ಸಾಲು ಸೇರಿಸಿದ್ದೆ: ‘ಈಗ ಅಪಾರ್ಟ್‌ಮೆಂಟ್ ಇರುವಲ್ಲಿ ಮೊದಲು ಊರಿನ ಗುಂಡುತೋಪಿತ್ತು. ಅದರ ಹುಣಸೆ, ಮಾವು ಎಲ್ಲರಿಗೂ ಸೇರಿದ್ದವು.’ ಇವತ್ತು ನೋಡಿದರೆ ಯಾರೋ ಪಕ್ಕದಲ್ಲಿ, ‘ಆಧಾರ ಕೊಡಿ, ಇಲ್ಲದಿದ್ದರೆ ತೆಗೆಯಲಾಗುವುದು’ ಎಂದು ಬರೆದಿದ್ದಾರೆ. ಆ ತೋಪನ್ನು ಕಂಡವರು ಈಗ ಮೂರೋ ನಾಲ್ಕೋ ಜನ. ಸಾಲು ಹೋದರೆ ತೋಪನ್ನು ಎರಡನೇ ಸಲ ಕಡಿದ ಹಾಗೆ. ಕೇಳಿದ್ದನ್ನು ಕೊಟ್ಟುಬಿಡೋಣ ಎಂದು ಕಾರ್ಡಿನ ಫೋಟೊ ತೆಗೆದೆ.

ಅಷ್ಟರಲ್ಲಿ ಮಹಡಿ ಮನೆಯ ನಸ್ರೀನ್ ಬಂದಳು. ಕಾಲೇಜಿನಲ್ಲಿ ಪಾಠ ಮಾಡುವವಳು.

“ಅಯ್ಯೋ ಅಂಕಲ್, ಹಾಕ್ಬೇಡಿ. ಅವ್ರು ಕೇಳ್ತಿರೋದು ಈ ಆಧಾರ್ ಅಲ್ಲ, ಪುರಾವೆ. ಎಲ್ಲಾದ್ರೂ ಅಚ್ಚಾಗಿರ್ಬೇಕು.”

“ಅಲ್ಲಿ ಹುಣಸೆಹಣ್ಣು ಆಯ್ದೋನು ನಾನೇ ಇದೀನಲ್ಲಮ್ಮ, ಸಾಲ್ದಾ?”

“ನೀವು ಅಚ್ಚಾಗಿಲ್ವಲ್ಲ ಅಂಕಲ್.”

ನಗುತ್ತಲೇ ಕಾರ್ಡನ್ನು ಕೈಗೆತ್ತಿಕೊಂಡು ಓದಿದಳು. ಆಮೇಲೆ ನನ್ನ ಕಡೆ ತಿರುಗಿಸಿದಳು. ವಿಳಾಸದಲ್ಲಿ ಹೀಗಿತ್ತು: ‘ಗುಂಡುತೋಪಿನ ಎದುರು, ಕೊಡಿಗೇಹಳ್ಳಿ.’

ಆದರೂ ಕಾರ್ಡನ್ನು ಹಾಕಬಾರದಂತೆ. ಹಳೆಯ ನಕ್ಷೆ ಹುಡುಕಿಕೊಡುತ್ತೇನೆ ಎಂದಿದ್ದಾಳೆ. ಅಲ್ಲಿಯವರೆಗೆ ಸಾಲು ಉಳಿಯಲಿ ಎಂದು ಆ ಪುಣ್ಯಾತ್ಮರಿಗೆ ಒಂದು ಪ್ರಶ್ನೆ ಬರೆದಿಟ್ಟಿದ್ದೇನೆ: ತೋಪೇ ಇರಲಿಲ್ಲ ಎಂದರೆ, ಸ್ವಾಮಿ, ನಾನು ಇಷ್ಟು ವರ್ಷ ಯಾವುದರ ಎದುರು ವಾಸವಾಗಿದ್ದೆ?