ಡ್ರೈವರ್ ಕಾಕಾನ ನೀರಿನ ಕ್ಯಾನು

ನಮ್ಮ ಡ್ರೈವರ್ ಕಾಕಾನ ಬಲಗೈ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೂ ಕೂದಲಿರಲಿಲ್ಲ. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಸುಟ್ಟುಕೊಂಡ ಚರ್ಮ. ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಹೊಳೆಯುತ್ತಿತ್ತು.

ನಮ್ಮ ಗಾಡಿ ಅಪ್ಪನ ಕಾಲದ ಅಂಬಾಸಿಡರ್. ಬೇಸಿಗೆಯಲ್ಲಿ ದಾರಿಯುದ್ದಕ್ಕೂ ನೀರು ಕುಡಿಸಬೇಕು. ಅದಕ್ಕೆಂದು ಡಿಕ್ಕಿಯಲ್ಲಿ ಸದಾ ಒಂದು ಬಿಳಿ ಕ್ಯಾನು. ಕಾಕಾ ಭಾಲ್ಕಿಯ ತನ್ನ ಮನೆಯ ಬಾವಿಯ ಸಿಹಿನೀರನ್ನೇ ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದ.

“ಗಾಡಿಗೆ ಇಷ್ಟು ಮಡಿ ಯಾಕ, ಕಾಕಾ?” ಎಂದರೆ, “ಹಾದ್ಯಾಗ ಮನ್ಷಾರೂ ಸಿಗ್ತಾರಲ್ರಿ, ಡಾಕ್ಟರ್ ಸಾಬ್” ಎನ್ನುತ್ತಿದ್ದ.

ಸಿಗುತ್ತಿದ್ದರು. ವಾರಕ್ಕೊಮ್ಮೆ ನಾನು ಬೀದರಿನಿಂದ ಔರಾದ್, ಠಾಣಾ ಕುಶನೂರ ಕಡೆ ರೋಗಿಗಳನ್ನು ನೋಡಲು ಹೋಗುತ್ತಿದ್ದೆ. ಬರ ಬಿದ್ದ ವರ್ಷ ಆ ರಸ್ತೆಬದಿಯಲ್ಲಿ ಹೈದರಾಬಾದಿಗೆ ದುಡಿಯಲು ಹೊರಟವರು ಗಂಟುಮೂಟೆ ಇಟ್ಟುಕೊಂಡು ಬಸ್ಸಿಗೆ ಕಾದಿರುತ್ತಿದ್ದರು. ಕಾಕಾ ನಿಲ್ಲಿಸಿ ಮಕ್ಕಳ ಬೊಗಸೆಗೆ ನೀರು ಸುರಿಯುತ್ತಿದ್ದ. ಒಮ್ಮೆ ಕ್ಯಾನು ಪೂರ್ತಿ ಖಾಲಿ ಮಾಡಿಬಿಟ್ಟ. ಮುಂದೆ ಇಂಜಿನ್ನು ಕುದ್ದು ಎರಡು ತಾಸು ಸುಡುಬಿಸಿಲಲ್ಲಿ ನಿಂತೆವು. ನಾನು ರೇಗಾಡಿದೆ. “ಬೈರಿ. ಗಾಡಿ ಸಾಯಂಗಿಲ್ಲ, ಬರೇ ಸಿಟ್ಟಾಗ್ತದ” ಎಂದು ನಕ್ಕ.

ಮುಂದೆ ನಾನು ಆನೆಯಂಥ ಎಸ್‌ಯುವಿ ಕೊಂಡೆ. ಎಸಿ ಏನು, ಟಚ್‌ಸ್ಕ್ರೀನ್ ಏನು! ಕಾಕಾ ಬಾನೆಟ್ ಎತ್ತಿ ನೋಡಿ ಮುಖ ಸಿಂಡರಿಸಿದ. “ಅಂಬಾಸಿಡರ್ ನೀರಡಿಸಿದ್ರ ಬಾಯಿ ಬಿಟ್ಟು ಹೇಳ್ತಿತ್ರಿ. ಇದು ನೀರೇ ಕೇಳಂಗಿಲ್ಲ. ನೀರಡಿಕಿ ಗೊತ್ತಿಲ್ದವರ ಜೋಡಿ ಹ್ಯಾಂಗ ಸಂಸಾರ ಮಾಡೋದ್ರಿ?” ಆದರೂ ಕ್ಯಾನು ಇಡುವುದನ್ನು ಬಿಡಲಿಲ್ಲ.

ಮತ್ತೆ ಬರ ಬಂತು. ಒಂದು ಮುಸ್ಸಂಜೆ ಅದೇ ರಸ್ತೆಯಲ್ಲಿ ಕಾಕಾ ಗಾಡಿ ನಿಲ್ಲಿಸಿ ಕ್ಯಾನು ಇಳಿಸಿದ. ಒಬ್ಬ ತಾಯಿಯೊಂದಿಗೆ ಮಾತಾಡುತ್ತಲೇ ಅವಳ ಮಗಳ ಲೋಟಕ್ಕೆ ಬಗ್ಗಿಸಿದ. ನಾನು ಎಸಿಯಲ್ಲಿ ಫೋನು ನೋಡುತ್ತಾ ಕೂತಿದ್ದೆ. ತಲೆ ಎತ್ತಿದರೆ, ಆ ಹುಡುಗಿಯ ಬಿಳಿ ಫ್ರಾಕಿನ ಮೇಲೆ ಚೆಲ್ಲಿದ ಹನಿ ಹಸಿರು!

ಕೂಲಂಟು! ಇಂಜಿನ್ನು ತಣ್ಣಗಿಡಲು ಹಾಕುವ ವಿಷ! ಫೋನು ಎಸೆದು ಬಾಗಿಲು ತಳ್ಳಿದೆ. ಹಾರಿದವನೇ ಅವಳ ತುಟಿಯ ಹತ್ತಿರವಿದ್ದ ಲೋಟಕ್ಕೆ ಹೊಡೆದೆ. ಅದು ಠಣ್ಣೆಂದು ಡಾಂಬರಿನ ಮೇಲೆ ಉರುಳಿತು. ಹುಡುಗಿ ಕಿರುಚಿದಳು. ತಾಯಿ ನನ್ನ ಮೇಲೇ ಏರಿ ಬಂದಳು: “ದೊಡ್ಡ ಗಾಡಿಯವ್ರಿಗಿ ಒಂದು ಗುಟುಕು ನೀರೂ ಭಾರ ಆಯ್ತೇನ್ರಿ?”

ಹುಡುಗಿಯ ಬಾಯಿ ತೆರೆಸಿ ನೋಡಿದೆ. ಪುಣ್ಯಕ್ಕೆ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಕಾಕಾ ಕ್ಯಾನು ಮೂಸಿದ. ನನ್ನ ಮುಖ ನೋಡಿದ. ಆಮೇಲೆ ಆ ತಾಯಿಗೆ ಕೈಮುಗಿದ. “ಅವರಿಗಿ ಬೈಬ್ಯಾಡವ್ವಾ. ಅದು ನೀರಲ್ಲ, ವಿಷ. ತಪ್ಪು ನಂದು.”

ಅವನದಲ್ಲ. ಹಿಂದಿನ ದಿನ ಅವನು ರಜೆಯಲ್ಲಿದ್ದ. ಗಾಡಿಯನ್ನು ಸರ್ವಿಸಿಂಗಿಗೆ ಒಯ್ದವನು ನಾನು. ಉಳಿದ ಕೂಲಂಟನ್ನು ಚೆಲ್ಲುವುದೇಕೆಂದು ಕ್ಯಾನಿನ ನೀರು ಸುರಿದು ಅದರಲ್ಲಿ ತುಂಬಿಸಿಕೊಂಡು ಬಂದವನೂ ನಾನೇ. ಅವನಿಗೊಂದು ಮಾತು ಹೇಳಿರಲಿಲ್ಲ. ನಾನು, ಡಾಕ್ಟರು! ಕಾಕಾನಿಗೆ ಆ ಕ್ಷಣವೇ ತಿಳಿಯಿತು. ಬೀದರ್ ತನಕ ಗಾಡಿ ಓಡಿಸಿದ. ಕೀಲಿ ಕೈಗಿಟ್ಟು, “ಇನ್ನ ಬ್ಯಾಡ್ರಿ, ಕೈ ನಡುಗ್ತಾವ” ಎಂದ. ಮತ್ತೆಂದೂ ಸ್ಟೀರಿಂಗ್ ಹಿಡಿಯಲಿಲ್ಲ.

ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡ. ಭಾಲ್ಕಿಗೆ ಹೋದೆ. ಅವನ ಹೆಂಡತಿ ಕಣ್ಣೊರೆಸಿಕೊಂಡು ಬಳಗಕ್ಕೆಲ್ಲ ನನ್ನನ್ನು ತೋರಿಸಿದಳು. “ಇವರೇ ಆ ಡಾಕ್ಟರ್ ಸಾಬ್. ‘ನನ್ನ ಕೈಲಿ ಒಂದು ಕೂಸು ಸಾಯ್ತಿತ್ತು, ಅವರು ಉಳಿಸಿದ್ರು’ ಅಂತ ನಮ್ಮವ್ರು ಕಡೀತನಕ ಹೇಳ್ತಿದ್ರು.”

ಕೂತವರೆಲ್ಲ ಎದ್ದು ನನಗೆ ಕೈಮುಗಿದರು. ನಾನೂ ತಿರುಗಿ ಮುಗಿದೆ. ಬಾಯಿ ಬಿಡಲಿಲ್ಲ.