ವೇಲಚೇರಿಯಲ್ಲೊಂದು ಶಿಖರ

ಇವತ್ತು ಹಾಲು ಕಾಯಿಸಿದೆ, ನೀರಿನ ಕ್ಯಾನ್ ಬದಲಾಯಿಸಿದೆ, ನೆನೆದ ಕಡಲೆಕಾಳು ತೊಳೆದೆ, ಗೊಂಬೆಗಳ ಧೂಳು ಒರೆಸಿದೆ, ಬೆಟ್ಟಕ್ಕೆ ನೀರು ಚಿಮುಕಿಸಿದೆ.

ಬೆಟ್ಟವೆಂದರೆ ನವರಾತ್ರಿಗೆ ಗೊಂಬೆ ಕೂರಿಸಿದಾಗ ಪಕ್ಕದಲ್ಲಿ ನಾವೇ ಮಾಡುವ ಬೆಟ್ಟ. ವೇಲಚೇರಿಯ ನಮ್ಮ ಫ್ಲಾಟಿನಲ್ಲಿ ಅದರ ಭೂಗೋಳ ಹೀಗೆ: ಪೂರ್ವಕ್ಕೆ ಟಿವಿ, ಪಶ್ಚಿಮಕ್ಕೆ ಚಪ್ಪಲಿ ಸ್ಟ್ಯಾಂಡು, ಮೈಮೇಲೆ ಒದ್ದೆ ಗೋಣಿಚೀಲದಲ್ಲಿ ಮೊಳೆತ ರಾಗಿ ಪೈರು, ತುದಿಯಲ್ಲಿ ಪುಟ್ಟ ದೇವರು. ಮೊದಲು ಹತ್ತಿದ್ದು ಒಂದು ಹಲ್ಲಿ. ಹಗ್ಗವಿಲ್ಲ, ಬೂಟಿಲ್ಲ, ಸರಸರ ಹತ್ತಿ ದೇವರ ಪಕ್ಕದಲ್ಲೇ ಬಿಡಾರ ಹೂಡಿತ್ತು.

ಹೆಸರಿನದೇ ತಕರಾರು. ಮೈಸೂರಿನ ಅತ್ತೆಗೆ ಅದು ಚಾಮುಂಡಿ ಬೆಟ್ಟ. ಇಲ್ಲೇ ಓದುವ ಮಗಳಿಗೆ ಎವರೆಸ್ಟ್. "ಪರಂಗಿಮಲೈ ಅನ್ನಿ, ಈ ಊರಿನದೇ ಬೆಟ್ಟ, ದಿನಾ ಆಫೀಸಿಗೆ ಹೋಗುವಾಗ ಕಾಣುತ್ತೆ," ಎಂದರು ನಮ್ಮ ಯಜಮಾನರು.

ಸಂಜೆ ಅಕ್ಕಪಕ್ಕದವರೆಲ್ಲ ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಸುಂಡಲ್, ಅಂದರೆ ಕಡಲೆಕಾಳಿನ ಉಸಲಿ, ಕೊಡದೆ ಕಳಿಸಿದರೆ ಈ ಬಿಲ್ಡಿಂಗಿನಲ್ಲಿ ನಾನು ತಲೆಯೆತ್ತಿ ಓಡಾಡುವ ಹಾಗಿಲ್ಲ. ಕಾಳು ಬೇಯಿಸಲು ದೊಡ್ಡ ಕುಕ್ಕರ್ ಹುಡುಕಿದೆ. ಅಟ್ಟದಲ್ಲಿಲ್ಲ, ಬಾಲ್ಕನಿಯಲ್ಲೂ ಇಲ್ಲ.

"ಅಮ್ಮಾ, ಕುಕ್ಕರ್ ಮಲೈಕ್ಕುಳ್ಳೆ ಇರುಕ್ಕು!" ಎಂದು ಮಗಳು ತಮಿಳಿನಲ್ಲಿ ಕೂಗಿದಳು.

ಹೌದಲ್ಲ, ಬೆಟ್ಟದೊಳಗೇ! ಅದನ್ನು ಬೋರಲು ಹಾಕಿ ಗೋಣಿ ಹೊದಿಸಿದವಳು ನಾನೇ.

ಅತ್ತೆ ಅಡ್ಡ ನಿಂತರು. "ಕೂರಿಸಿದ ದೇವರನ್ನ ವಿಜಯದಶಮಿವರೆಗೂ ಇಳಿಸೋ ಹಾಗಿಲ್ಲ ಕಣಮ್ಮ."

"ಚಿಕ್ಕ ಕುಕ್ಕರಲ್ಲಿ ಬೇಯಿಸ್ತಾ ಕೂತ್ರೆ ಅವರು ನಾಳೆ ಬರಬೇಕಾಗುತ್ತೆ ಅತ್ತೆ."

ಅತ್ತೆ ಯೋಚಿಸಿದರು. "ಇಳಿಸಬಾರದು ಅಂದೆ. ಎತ್ತಬಾರದು ಅಂದ್ನೇ? ಗೋವರ್ಧನ ಎತ್ತಿದ ದೇವರು ತಾನೇ, ಅಭ್ಯಾಸ ಇರುತ್ತೆ."

ಯಜಮಾನರೂ ಮಗಳೂ ಗೋಣಿಯ ಅಂಚುಗಳನ್ನು ಬಿಗಿಯಾಗಿ ಹಿಡಿದು ಬೆಟ್ಟವನ್ನೇ ಎತ್ತಿದರು. ನಾನು ಅಡಿಯಲ್ಲಿ ತೂರಿ ಕುಕ್ಕರ್ ಎಳೆಯುವಷ್ಟರಲ್ಲಿ ಹಲ್ಲಿ ಯಜಮಾನರ ತೋಳಿಗಿಳಿಯಿತು.

"ಅಯ್ಯಯ್ಯೋ, ಹಲ್ಲಿ!"

"ಕೈ ಬಿಟ್ಟೀಯ, ಜೋಕೆ! ತೋಳಿನ ಮೇಲೆ ಬಿದ್ರೆ ಒಳ್ಳೇದೇ ಕಣೋ," ಎಂದರು ಅತ್ತೆ, ಪಂಚಾಂಗ ನೋಡದೆಯೇ.

ಕುಕ್ಕರಿನ ಜಾಗಕ್ಕೆ ಬಕೆಟ್ ನೂಕಿದೆ. ಶಿಖರ ಒಂದು ಗೇಣು ಬೆಳೆಯಿತು. ದೇವರು ಓಲಾಡಿ, ಕೊನೆಗೆ ನೆಟ್ಟಗೆ ನಿಂತ.

ಬಂದವರಿಗೆ ಸುಂಡಲ್ ಬಿಸಿಬಿಸಿಯಾಗಿಯೇ ಸಿಕ್ಕಿತು. ಎದುರು ಮನೆ ಮಾಮಿ, "ಇದು ಎಂದ ಮಲೈ?" ಎಂದು ಕೇಳಿದರು. ಯಾವ ಬೆಟ್ಟವೆಂದು ಹೇಳಲು ನಾವೆಲ್ಲ ಬಾಯಿ ತೆರೆಯುವ ಮೊದಲೇ ಅತ್ತೆ, "ಗೋವರ್ಧನಗಿರಿ," ಎಂದುಬಿಟ್ಟರು. ಚಾಮುಂಡಿಯ ಸುದ್ದಿಯೇ ಇಲ್ಲ.

ರಾತ್ರಿ ಮೊಸರನ್ನಕ್ಕೆ ಉಳಿದ ಸುಂಡಲ್ ನೆಂಚಿಕೊಂಡು ತಿಂದೆವು. ಬೆಟ್ಟ ಎತ್ತಿದವರು ತೋಳಿಗೆ ಮುಲಾಮು ಹಚ್ಚಿಸಿಕೊಂಡು ಎಲ್ಲರಿಗಿಂತ ಮೊದಲು ಮಲಗಿದರು.